ಅಕ್ಕಾವ್ರು ಅಳಿಸದ ಪುಟ

ಪಕ್ಕದ ಮೇಜಿನಲ್ಲಿ ವರ್ಷಗಟ್ಟಲೆ ಕೂತವರ ಬಗ್ಗೆ ಬರೆಯುವುದು ಸುಲಭ ಅಂದುಕೊಂಡಿದ್ದೆ. ಕೂತು ನೋಡಿದರೆ ಮೊದಲ ವಾಕ್ಯವೇ ಹೊರಡುತ್ತಿಲ್ಲ. ನಾವೆಲ್ಲ ಅಕ್ಕಾವ್ರು ಎಂದು ಕರೆಯುತ್ತಿದ್ದ ಆ ಹೆಂಗಸು ಜಾಣೆಯೋ, ಬರೀ ಹಟಮಾರಿಯೋ, ಮಾಡಿದ್ದನ್ನೆಲ್ಲ ತಿಳಿದೇ ಮಾಡಿದರೋ, ಏನೋ ಮಾಡಲು ಹೋಗಿ ಏನೋ ಆಯಿತೋ, ಅವರು ಬದುಕಿದ್ದಷ್ಟು ದಿನ ನನಗೆ ಬಗೆಹರಿಯಲಿಲ್ಲ. ಹೋದ ತಿಂಗಳು ಅವರ ಮಗಳು ಫೋನ್ ಮಾಡಿ, "ಅವ್ವ ಹೋಗ್ಬುಟ್ರು" ಎಂದಾಗ ನನಗೆ ಮೊದಲು ಬಂದದ್ದು ಸಿಟ್ಟು. ಹೇಳದೆ ಕೇಳದೆ ಹೊರಟುಬಿಟ್ಟರಲ್ಲ ಎಂದು. ಅಳು ಆಮೇಲೆ ಬಂತು, ಬಚ್ಚಲಲ್ಲಿ ಮುಖ ತೊಳೆಯುವಾಗ. ಅವರ ತಿಥಿಯ ದಿನ ಒಂದು ವಿಷಯ ತಿಳಿಯಿತು. ತಿಳಿದ ಮೇಲೆ ನನ್ನ ಗೊಂದಲ ಕಡಿಮೆಯಾಯಿತೆಂದು ಹೇಳಲಾರೆ.

ನಮ್ಮ ಡಿಟಿಪಿ ಸೆಂಟರ್ ಇದ್ದದ್ದು ಮೈಸೂರಿನ ನಜರ್‌ಬಾದಿನ ಒಂದು ಅಡ್ಡರಸ್ತೆಯಲ್ಲಿ. ಯಜಮಾನರ ತಂದೆಯ ಕಾಲದಲ್ಲಿ ಅದು ಅಚ್ಚುಕೂಟ. ಅಕ್ಕಾವ್ರು ಅಲ್ಲಿ ಸೀಸದ ಅಚ್ಚುಮೊಳೆ ಜೋಡಿಸುತ್ತಿದ್ದವರು. ತೊಂಬತ್ತರ ದಶಕದಲ್ಲಿ ಯಜಮಾನರು ಮೊಳೆಯನ್ನೆಲ್ಲ ತೂಕಕ್ಕೆ ಹಾಕಿ ಕಂಪ್ಯೂಟರ್ ತಂದಾಗ ಉಳಿದ ಕಂಪೋಸಿಟರುಗಳೆಲ್ಲ ಬೇರೆ ಕೆಲಸ ಹುಡುಕಿಕೊಂಡು ಹೋದರು. ಅಕ್ಕಾವ್ರು ಮಾರನೆಯ ಬೆಳಗ್ಗೆ ಎಂದಿನಂತೆ ಇಲವಾಲದ ಬಸ್ಸಿಳಿದು ಬಂದು, ಎಂದಿನ ಮರದ ಸ್ಟೂಲಿನ ಮೇಲೆ ಕೂತರಂತೆ. "ಕೆಲಸ ಏನಿದೆ ಯೋಳಿ" ಅಂದರಂತೆ. ಹೋಗಿ ಎನ್ನುವ ಧೈರ್ಯ ಯಜಮಾನರಿಗೆ ಬರಲಿಲ್ಲ. ಚಿಕ್ಕಂದಿನಲ್ಲಿ ಅವರ ಮೂಗು ಒರೆಸಿದ ಹೆಂಗಸು ಅದು. ಕಂಪ್ಯೂಟರ್ ಮುಂದೆ ಕೂರಿಸಿದರು.

ನಾನು ಸೇರಿದ್ದು ಅದಾದ ಒಂದೆರಡು ವರ್ಷಕ್ಕೆ. ಕಂಪ್ಯೂಟರ್ ಕ್ಲಾಸಿನ ಸರ್ಟಿಫಿಕೇಟು, ಇಸ್ತ್ರಿ ಮಾಡಿದ ಚೂಡಿದಾರ್, ಎಲ್ಲವೂ ಸಾಲಾಗಿ ನೆಟ್ಟಗಿರಬೇಕೆನ್ನುವ ಸ್ವಭಾವ, ಇಷ್ಟು ನನ್ನ ಬಂಡವಾಳ. ಅಕ್ಕಾವ್ರಿಗೆ ಕಲಿಸುವುದಕ್ಕೇ ನನ್ನನ್ನು ಸೇರಿಸಿಕೊಂಡಿದ್ದಾರೆಂದು ನಂಬಿದ್ದೆ. ಅಕ್ಕಾವ್ರ ನಂಬಿಕೆ ಬೇರೆ ಇತ್ತು. ಮೊದಲ ದಿನವೇ ನನ್ನ ತಿರುಗುವ ಕುರ್ಚಿಯನ್ನು ಕಾಲಿನಿಂದ ಆಚೆ ಸರಿಸಿ, "ಅಲ್ಲಾಡೋ ಕುರ್ಚಿ ಮೇಲೆ ಕುಂತ್ರೆ ಪುಟನೂ ಅಲ್ಲಾಡ್ತದೆ ಕಣಮ್ಮ" ಅಂದರು. ಹಾಗೇಕೆ ಆಗುತ್ತದೆ ಎಂದು ಕೇಳಿದೆ. "ನೋಡ್ತಿರು" ಎಂದರು. ನೋಡುತ್ತಲೇ ಇದ್ದೆ.

ಕಥೆ ಮುಂದುವರಿಸುವ ಮೊದಲು ಪುಟ ಕಟ್ಟುವ ಸಾಫ್ಟ್‌ವೇರಿನ ಬಗ್ಗೆ ಎರಡು ಮಾತು ಹೇಳಬೇಕು. ಬರಹವನ್ನು ಪುಟದ ಮೇಲೆ ಒಂದು ಚೌಕಟ್ಟಿನೊಳಗೆ ಸುರಿಯುತ್ತೇವೆ. ಅದಕ್ಕೆ ನಾವು ಬ್ಲಾಕ್ ಎನ್ನುತ್ತಿದ್ದೆವು. ಅಲ್ಲಿ ಜಾಗ ಮುಗಿದರೆ ಮುಂದಿನ ಪುಟದ ಬ್ಲಾಕಿಗೆ ಕೊಂಡಿ ಹಾಕಬೇಕು, ಮಿಕ್ಕದ್ದು ಅಲ್ಲಿಗೆ ಹರಿಯುತ್ತದೆ. ಮೊದಲ ಪುಟದಲ್ಲಿ ಒಂದು ಸಾಲು ತೆಗೆದರೆ ಕೊನೆಯ ಪುಟದವರೆಗೂ ಎಲ್ಲವೂ ಒಂದು ಸಾಲು ಮೇಲಕ್ಕೆ ಸರಿಯುತ್ತದೆ. ಕೊಂಡಿ ಹಾಕದೆ ಬಿಟ್ಟರೆ ಮಿಕ್ಕ ಬರಹ ಅಳಿಸಿಹೋಗುವುದಿಲ್ಲ, ಕಾಣುವುದೂ ಇಲ್ಲ. ಬ್ಲಾಕಿನ ತಳದಲ್ಲಿ ಒಂದು ಸಣ್ಣ ಕೆಂಪು ಗುರುತು ಮೂಡುತ್ತದೆ, ಒಳಗೆ ಇನ್ನೂ ಇದೆ ಎಂದು. ಅದು ಪರದೆಯ ಮೇಲೆ ಮಾತ್ರ, ಅಚ್ಚಿನಲ್ಲಿ ಬರುವುದಿಲ್ಲ. ತಳವನ್ನು ಮೌಸಿನಿಂದ ಹಿಡಿದು ಕೆಳಗೆ ಎಳೆದರೆ ಅಡಗಿದ್ದ ಸಾಲುಗಳು ಈಚೆ ಬರುತ್ತವೆ, ಮೇಲಕ್ಕೆ ತಳ್ಳಿದರೆ ಮತ್ತೆ ಒಳಗೆ. ಚಾಪೆ ಬಿಚ್ಚಿ ಸುತ್ತಿದ ಹಾಗೆ.

ಕೆಂಪು ಗುರುತು ಕಂಡರೆ ನನ್ನಂಥವರಿಗೆ ಮೈ ಉರಿಯುತ್ತದೆ. ಅದೊಂದು ಕಾಯಿಲೆ, ಪ್ರಿಂಟ್ ಕೊಡುವ ಮೊದಲು ವಾಸಿ ಮಾಡಬೇಕು. ಅಕ್ಕಾವ್ರ ಫೈಲ್ ತೆರೆದರೆ ಪುಟಪುಟಕ್ಕೂ ಕೆಂಪು. ಬರೆದವರು ಬಂದು ಈ ಪ್ಯಾರಾ ಬೇಡ ಎಂದರೆ ಅಕ್ಕಾವ್ರು "ತೆಗೀತೀನಿ ಬುಡಿ" ಎನ್ನುತ್ತಿದ್ದರು. ತೆಗೆಯುತ್ತಿರಲಿಲ್ಲ. ಅದನ್ನು ಕತ್ತರಿಸಿ ಬರಹದ ಕೊನೆಗೆ ಅಂಟಿಸಿ, ಬ್ಲಾಕಿನ ತಳವನ್ನು ಮೇಲೆ ತಳ್ಳಿ ಮುಚ್ಚಿಬಿಡುತ್ತಿದ್ದರು. ಪ್ರಿಂಟಿನಲ್ಲಿ ಕಾಣದು, ಫೈಲಿನಲ್ಲಿ ಹೋಗದು. ನಾನು ಗೊತ್ತಿಲ್ಲದೆ ಎಲ್ಲೋ ಒಂದು ಬ್ಲಾಕ್ ಎಳೆದರೆ ಒಳಗಿದ್ದದ್ದೆಲ್ಲ ದಡಬಡ ಈಚೆ ಬೀಳುತ್ತಿತ್ತು. ಕಡಕೊಳದ ಒಂದು ಕಾರ್ಖಾನೆಗೆ ಸುರಕ್ಷತೆಯ ಕೈಪಿಡಿ ಮಾಡುವಾಗ, ಬೆಂಕಿ ಹತ್ತಿದರೆ ಏನು ಮಾಡಬೇಕು ಎಂಬ ಪುಟದ ಕೆಳಗೆ ಕ್ಯಾಂಟೀನಿನ ಉಪ್ಪಿಟ್ಟಿನ ಬಗ್ಗೆ ಯಾರೋ ಎಂದೋ ಬರೆದ ದೂರು ಪ್ರತ್ಯಕ್ಷವಾಯಿತು. ಅಕ್ಕಾವ್ರು ಆ ಕಾರ್ಖಾನೆಯ ಹಿಂದಿನ ವರ್ಷದ ಫೈಲಿಗೇ ಹೊಸ ಹೆಸರು ಕೊಟ್ಟು ಕೆಲಸ ಮಾಡಿದ್ದರು. "ಉಪ್ಪಿಟ್ಟು ಇನ್ನೂ ಅಂಗೇ ಇದ್ಯಂತಾ?" ಎಂದು ನನ್ನನ್ನೇ ಕೇಳಿದರು.

ಯಾಕೆ ಅಳಿಸುವುದಿಲ್ಲ ಎಂದು ಕೇಳಿದಾಗಲೆಲ್ಲ ಬೇರೆ ಬೇರೆ ಉತ್ತರ. ಒಂದು ಸಲ, "ಅಚ್ಚುಕೂಟದಲ್ಲಿ ತೆಗೆದ ಸಾಲಿನ ಮೊಳೆ ಕೆಡುಸ್ತಿರ್ಲಿಲ್ಲ ಕಣಮ್ಮ, ದಾರ ಕಟ್ಟಿ ಹಲಗೆ ಮೇಲೆ ಎತ್ತಿಡ್ತಿದ್ವಿ" ಎಂದರು. ಇದು ನಿಜವಂತೆ, ಯಜಮಾನರೂ ಹೇಳಿದರು. ಇನ್ನೊಂದು ಸಲ, ಅಳಿಸಿದರೆ ಮಿಶನ್ನಿಗೆ ಪೆಟ್ಟು ಎಂದರು. ಮತ್ತೊಂದು ಸಲ ಬಹಳ ಗಂಭೀರವಾಗಿ, "ಇನ್ನೊಬ್ರು ಬರ್ದಿದ್ದನ್ನ ಅಳ್ಸಕ್ಕೆ ನಾನ್ಯಾರು?" ಎಂದರು. ಆ ಮಾತಿಗೆ ನನಗೆ ಗೌರವವೇ ಬಂತು. ಅದೇ ಮಧ್ಯಾಹ್ನ ನಾನು ಕಷ್ಟಪಟ್ಟು ಬರೆದ ಹೂಬಳ್ಳಿಯ ಅಂಚನ್ನು ನನ್ನ ಕಣ್ಣೆದುರೇ ಅಳಿಸಿ ಎಸೆದರು. ಇದನ್ನೇಕೆ ಅಳಿಸಿದಿರಿ ಎಂದರೆ, "ಇದು ಚೆಂದಾಗಿರ್ಲಿಲ್ಲ" ಎಂದರು. ಇಂಥವರ ಹತ್ತಿರ ಏನೆಂದು ವಾದ ಮಾಡುವುದು?

ವಿನಯವಂತೂ ಅವರ ಹತ್ತಿರ ಸುಳಿಯುತ್ತಿರಲಿಲ್ಲ. ತಾವು ಕಟ್ಟಿದ ಪುಟವನ್ನು ಗೋಡೆಗೆ ಅಂಟಿಸಿ, ಬಂದವರೆಲ್ಲ ಹೊಗಳುವವರೆಗೆ ತೆಗೆಯುತ್ತಿರಲಿಲ್ಲ. ಪ್ರೂಫ್ ಹಾಳೆಯನ್ನು ತಲೆಕೆಳಗಾಗಿ ಹಿಡಿದು ಓದುತ್ತಿದ್ದರು, ಮೊಳೆ ಜೋಡಿಸುತ್ತಿದ್ದ ಕಾಲದ ಅಭ್ಯಾಸ. ಹಾಗೆ ಓದಿ ಪದಗಳ ನಡುವಿನ ಸಂದು ಕೂದಲೆಳೆಯಷ್ಟು ಹೆಚ್ಚಿದ್ದರೂ ಹಿಡಿಯುತ್ತಿದ್ದರು. ಮದುವೆ ಕಾರ್ಡಿನಲ್ಲಿ ಛತ್ರದ ಹೆಸರೇ ಬಿಟ್ಟುಹೋದದ್ದನ್ನು ಮಾತ್ರ ಕಾಣಲಿಲ್ಲ. ಆ ಮದುವೆಯವರು ಬಂದು ಕೂಗಾಡಿದಾಗ, "ಮದ್ವೆ ನಡೀತಲ್ಲ, ಬುಡಿ" ಎಂದು ಅವರಿಗೇ ಸಮಾಧಾನ ಹೇಳಿದರು. ಎ.ಸಿ. ಚಳಿಗೆ ಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಂಡು, ಊಟದ ಹೊತ್ತಿಗೆ ರಾಗಿರೊಟ್ಟಿಯಲ್ಲಿ ಅರ್ಧ ಮುರಿದು ನನ್ನ ಡಬ್ಬಿಯ ಮುಚ್ಚಳಕ್ಕೆ ಹಾಕುತ್ತಿದ್ದರು. ಬೇಕಾ ಎಂದು ಕೇಳುವ ಪದ್ಧತಿ ಇರಲಿಲ್ಲ. ನನಗೆ ಅವರ ಮೇಲೆ ಬಹಳ ಪ್ರೀತಿಯಿತ್ತು, ಅದನ್ನು ಒಮ್ಮೆಯೂ ಹೇಳಿದವಳಲ್ಲ.

ಹೀಗಿರುವಾಗ ನಮ್ಮಲ್ಲಿಗೆ ಒಂದು ಸ್ಮರಣೆಯ ಪುಸ್ತಕದ ಕೆಲಸ ಬಂತು. ತಲೆಮಾರುಗಳಿಂದ ಮಠಕ್ಕೆ ನಡೆದುಕೊಂಡ ಮನೆತನ, ದವಸದ ಸಗಟು ವ್ಯಾಪಾರ. ಮನೆಯ ಹಿರಿಯರು ತೀರಿಕೊಂಡು ವರ್ಷ ತುಂಬುವ ದಿನ ಮಠದ ಸ್ವಾಮಿಗಳ ಸಮ್ಮುಖದಲ್ಲಿ ಪುಸ್ತಕ ಹಂಚಬೇಕು. ಹಿರಿಯ ಮಗ ಬರಹಗಳ ಕಟ್ಟನ್ನು ತಂದುಕೊಟ್ಟರು. ಅವರನ್ನು ಇಲ್ಲಿ ಅಣ್ಣ ಎಂದು ಕರೆಯುತ್ತೇನೆ, ಯಾಕೆಂದರೆ ವಿಷಯ ಅವರದ್ದು ಮತ್ತು ಅವರ ತಂಗಿಯದ್ದು. ನಮ್ಮ ಸೆಂಟರಿಗೆ ಬಿಲ್ ಬುಕ್ಕು, ಕ್ಯಾಲೆಂಡರು, ಕರಪತ್ರದ ಕೆಲಸವೆಲ್ಲ ಅವರ ಅಂಗಡಿಯಿಂದಲೇ ಬರುತ್ತಿತ್ತು. ಯಜಮಾನರು ಅಕ್ಕಾವ್ರನ್ನು ಪಕ್ಕಕ್ಕೆ ಕರೆದು, "ನೋಡಿ, ಇದರಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಾನು ನಿಮ್ಮನ್ನ ಉಳಿಸ್ಕೊಳ್ಳಕ್ಕಾಗಲ್ಲ" ಎಂದು ಮೊದಲೇ ಹೇಳಿದರು. ಅಕ್ಕಾವ್ರು ತಲೆಯಾಡಿಸಿದರು.

ಅಣ್ಣ ಆ ಕಟ್ಟನ್ನು ಓದದೆ ಕೊಟ್ಟಿದ್ದರು. ಮೊದಲ ಪ್ರೂಫ್ ನೋಡಲು ಬಂದಾಗ ಒಂದು ಪುಟದ ಹತ್ತಿರ ಅವರ ಕೈ ನಿಂತಿತು. ಅದು ತಂಗಿ ಬರೆದು ಅಂಚೆಯಲ್ಲಿ ಕಳಿಸಿದ್ದ ಪುಟ. ಆಕೆ ಶಾಲೆಯ ಟೀಚರ್. ಹಳ್ಳಿಯಿಂದ ಬಂದು ಮೈಸೂರಿನಲ್ಲಿ ನೆಲೆಸಿದ ಒಂದು ಬೌದ್ಧ ಮನೆಯ ಹುಡುಗನನ್ನು, ತಮ್ಮ ಶಾಲೆಯ ಮೇಷ್ಟರನ್ನೇ, ಮದುವೆಯಾಗಿದ್ದರು. ಅಂದಿನಿಂದ ತವರಿನ ಬಾಗಿಲು ಮುಚ್ಚಿತ್ತು, ಅಣ್ಣ ತಂಗಿಗೆ ಮಾತಿರಲಿಲ್ಲ. ಬರಹದಲ್ಲಿ ಯಾವ ದೂರೂ ಇರಲಿಲ್ಲ. ಅಪ್ಪ ಸೋಮವಾರಗಳಂದು ಮಗಳ ಮನೆಗೆ ಬರುತ್ತಿದ್ದರು, ಗೋಡೆಯ ಮೇಲಿನ ಬುದ್ಧನ ಪಟದ ಕೆಳಗೆ ಕೂತು ಲಿಂಗಪೂಜೆ ಮಾಡಿಕೊಂಡು, ಮಗಳ ಕೈಯ ಅನ್ನ ಉಂಡು, ಚಾಪೆಯ ಮೇಲೆ ಒಂದು ನಿದ್ದೆ ತೆಗೆದು ಹೋಗುತ್ತಿದ್ದರು ಎಂದು ಬರೆದಿದ್ದರು, ಅಷ್ಟೇ.

"ಈ ಪುಟ ತೆಗೀರಿ," ಎಂದರು ಅಣ್ಣ. "ಮಠದೋರೆಲ್ಲ ಓದ್ತಾರೆ."

"ತೆಗೀತೀನಿ ಬುಡಿ," ಎಂದರು ಅಕ್ಕಾವ್ರು.

ಏನು ಮಾಡಿದರೆಂದು ಹೇಳಬೇಕಾಗಿಲ್ಲ. ಪುಸ್ತಕದಲ್ಲಿ ತಂಗಿಯ ಪುಟಕ್ಕೆ ಮುಂಚೆ ಇದ್ದದ್ದು ಅಣ್ಣನ ಬರಹವೇ. ಅದರ ಬಾಲಕ್ಕೆ ತಂಗಿಯ ಬರಹವನ್ನು ಅಂಟಿಸಿ, ತಳವನ್ನು ಮೇಲೆ ತಳ್ಳಿ ಮುಚ್ಚಿದರು. ತೆರವಾದ ಜಾಗಕ್ಕೆ ಹಿರಿಯರ ದೊಡ್ಡ ಫೋಟೋ ಬಂತು. ಅಣ್ಣ ಎರಡನೆಯ ಪ್ರೂಫ್ ನೋಡಿ ತೃಪ್ತಿಯಿಂದ ಹೋದರು.

ಒಂದು ಮಧ್ಯಾಹ್ನ ತಂಗಿ ಬಂದರು. ಪುಸ್ತಕ ನಮ್ಮಲ್ಲಿ ಆಗುತ್ತಿದೆ ಎಂದು ಅಣ್ಣನ ಅಂಗಡಿಯ ಗುಮಾಸ್ತರು ಹೇಳಿದ್ದರಂತೆ. ತಮ್ಮ ಪುಟವನ್ನು ತೆಗೆಸಿದ್ದಾರೆಂದು ಯಾರೂ ಹೇಳಿರಲಿಲ್ಲ. "ಮಕ್ಕಳಿಗೆ ತಪ್ಪು ತಿದ್ದೋಳು ನಾನು, ನನ್ನದರಲ್ಲೇ ತಪ್ಪಿದ್ರೆ ನಾಚಿಕೆ. ಒಂದ್ಸಲ ನೋಡ್ಬಹುದಾ?" ಎಂದರು. ನಾನು ಗಾಬರಿಯಿಂದ ಅಕ್ಕಾವ್ರ ಮುಖ ನೋಡಿದೆ. ಅವರು ಸ್ಟೂಲ್ ಎಳೆದು ತಂಗಿಯನ್ನು ಕೂರಿಸಿ, ಫೈಲ್ ತೆರೆದು, ಅಣ್ಣನ ಬರಹದ ತಳವನ್ನು ಹಿಡಿದು ಎಳೆದರು. ಇಡೀ ಪುಟ ಫೋಟೋದ ಮೇಲೆ ಬಿಚ್ಚಿಕೊಂಡಿತು.

ತಂಗಿ ಓದಿದರು. "ಮಜ್ಜಿಗೆ ಅನ್ನ ಅಂತ ಆಗಿದೆ, ಮೊಸರನ್ನ ಆಗ್ಬೇಕು" ಎಂದರು. ಅಕ್ಕಾವ್ರು ತಿದ್ದಿದರು. "ಅಣ್ಣ ಬೇಡ ಅನ್ನಲಿಲ್ವಾ?" ಎಂದು ತಂಗಿ ಬಹಳ ಮೆಲ್ಲಗೆ ಕೇಳಿದರು.

"ನೋಡ್ತಿದ್ದೀಯಲ್ಲವ್ವ, ಇದೆಯಲ್ಲ," ಎಂದರು ಅಕ್ಕಾವ್ರು.

ತಂಗಿ ಕಣ್ಣೊರೆಸಿಕೊಂಡು, ನಗುತ್ತಾ, ನನಗೂ ಒಂದು ನಮಸ್ಕಾರ ಹೇಳಿ ಹೋದರು. ಅವರು ಮೆಟ್ಟಿಲಿಳಿದದ್ದೇ ತಡ, ನಾನು ಅಕ್ಕಾವ್ರ ಮೇಲೆ ಹರಿಹಾಯ್ದೆ.

"ಸುಳ್ಳು ಹೇಳಿದ್ರಲ್ಲ!"

"ಎಲ್ ಸುಳ್ಳೇಳ್ದೆ? ಇರೋದ್ನ ತೋರ್ಸ್ದೆ."

"ಪುಸ್ತಕದಲ್ಲಿ ಇರಲ್ವಲ್ಲ!"

"ಪುಸ್ತಕ ಇನ್ನೂ ಆಗಿಲ್ವಲ್ಲ," ಎಂದು ಬ್ಲಾಕನ್ನು ಮೇಲಕ್ಕೆ ತಳ್ಳಿದರು. ನನಗೆ ಅವರನ್ನು ಬೈಯಬೇಕೋ, ಅಳಬೇಕೋ ತಿಳಿಯಲಿಲ್ಲ. ಒಬ್ಬರಿಗೆ ತೆಗೆದಿದ್ದೇನೆ ಎಂದಿದ್ದಾರೆ, ಇನ್ನೊಬ್ಬರಿಗೆ ಇದೆ ಎಂದಿದ್ದಾರೆ, ಇಬ್ಬರೂ ಸಂತೋಷವಾಗಿದ್ದಾರೆ. ಪುಸ್ತಕ ಹಂಚುವ ದಿನ ತಂಗಿ ತನ್ನ ಪುಟ ಹುಡುಕಿ ಕಾಣದೆ ನಿಂತರೆ ಏನಾಗುತ್ತದೆ ಎಂಬುದೊಂದೇ ನನ್ನ ತಲೆಯಲ್ಲಿ. ಅಪ್ಪನ ಬಗ್ಗೆ ನಾಲ್ಕು ಸಾಲು ಬರೆಯುವ ಹಕ್ಕೂ ತನಗಿಲ್ಲ ಎಂದು ಆಕೆಗೆ ಆ ದಿನ, ಅಷ್ಟು ಜನರ ನಡುವೆ ತಿಳಿಯಬೇಕೇ?

ಕೊನೆಯ ಪ್ರಿಂಟ್ ತೆಗೆಯುವ ಕೆಲಸವನ್ನು ಯಜಮಾನರು ನನಗೆ ಒಪ್ಪಿಸಿದರು. ಅಲ್ಲಿ ಶುರುವಾಯಿತು ಪೀಕಲಾಟ. ಅಣ್ಣ ತಮ್ಮ ಬರಹದ ನಡುವೆ ಎರಡು ಸಾಲು ಬೇಡವೆಂದು ಗುರುತು ಹಾಕಿದ್ದರು. ಅವನ್ನು ತೆಗೆದೆ. ಅಷ್ಟೂ ಬರಹ ಮೇಲಕ್ಕೆ ಸರಿದು, ಕೊನೆಯಲ್ಲಿ ಖಾಲಿಯಾದ ಜಾಗದಲ್ಲಿ ತಂಗಿಯ ಮೊದಲ ಸಾಲು ಇಣುಕಿತು: ಅಪ್ಪ ಸೋಮವಾರ ನಮ್ಮ ಮನೆಗೆ ಬರುತ್ತಿದ್ದರು. ಅಣ್ಣನೇ ಬರೆದ ಹಾಗೆ, ಅಣ್ಣನ ಬರಹದಲ್ಲೇ. ಬ್ಲಾಕನ್ನು ಸ್ವಲ್ಪ ಮೇಲೆ ತಳ್ಳಿದೆ, ಅಣ್ಣನದೇ ಕೊನೆಯ ಸಾಲು ಒಳಗೆ ಹೋಯಿತು. ಅಕ್ಷರದ ಗಾತ್ರ ಒಂದು ಕೂದಲೆಳೆ ಹೆಚ್ಚಿಸಿದೆ, ತಂಗಿಯ ಸಾಲು ಅರ್ಧ ಮಾತ್ರ ಕಂಡಿತು. ಸಾಲುಗಳ ಅಂತರ ಬದಲಿಸಿದೆ, ಎರಡು ಸಾಲು ಈಚೆ ಬಂದವು. ಪುಟದಿಂದ ಪುಟಕ್ಕೆ ಕೊಂಡಿ ಹಿಡಿದು ಹೋದೆ. ನಡುವಿನ ಒಂದು ಕೊಂಡಿಯನ್ನು ಅಕ್ಕಾವ್ರು ಹಿಂದಿನ ಪುಟಕ್ಕೆ ಹಾಕಿದ್ದರು. ಯಾಕೆಂದು ಅವರಿಗೂ ಗೊತ್ತಿರಲಿಲ್ಲ. "ಎಂಗೋ ಓಗೈತೆ" ಎಂದರು.

ಇದಕ್ಕೆ ಇದ್ದದ್ದು ಒಂದೇ ಮದ್ದು. ತಂಗಿಯ ಬರಹವನ್ನು ಪೂರ್ತಿ ಆಯ್ದು, ಡಿಲೀಟ್ ಒತ್ತಿದರೆ ಮುಗಿಯಿತು. ಆಯ್ದೆ, ಇಡೀ ಪುಟ ಕಪ್ಪಾಯಿತು. ಕೀಲಿಯ ಮೇಲೆ ಬೆರಳಿಟ್ಟೆ. ಅಕ್ಕಾವ್ರು ನನ್ನ ಮಣಿಕಟ್ಟು ಹಿಡಿದರು.

"ಮುಟ್ಬ್ಯಾಡ. ಬ್ಯಾಡ ಅಂದೋರು ಅವ್ರು. ಅವ್ರೇ ಬಂದು ಅಳಿಸ್ಲಿ."

"ನಿಮ್ಮ ಕೆಲಸ ಹೋಗುತ್ತೆ ಅಕ್ಕಾವ್ರೇ."

"ಓಗ್ಲಿ," ಎಂದರು. ಕೈ ಬಿಡಲಿಲ್ಲ. ಕಣ್ಣು ಮಾತ್ರ ಯಜಮಾನರ ಮೇಜಿನ ಕಡೆ ಹೊರಳಿತು. ಮಗಳ ನರ್ಸಿಂಗ್ ಓದು ಇನ್ನೂ ಮುಗಿದಿರಲಿಲ್ಲ, ಮನೆಗೆ ಅವರ ಸಂಬಳವೊಂದೇ ಆಧಾರ ಎಂದು ನನಗೆ ಗೊತ್ತಿತ್ತು. ಅಷ್ಟು ಹೆದರಿಕೆ ಇಟ್ಟುಕೊಂಡು ಅಷ್ಟು ಹಟ ಮಾಡುವವರನ್ನು ನಾನು ಬೇರೆ ಕಂಡಿಲ್ಲ.

ಕೊನೆಯ ಪ್ರಿಂಟ್ ನೋಡಲು ಅಣ್ಣ ಬಂದಾಗ ಯಜಮಾನರು ಬ್ಯಾಂಕಿಗೆ ಹೋಗಿದ್ದರು. ಅಕ್ಕಾವ್ರು ಎದ್ದು ತಮ್ಮ ಸ್ಟೂಲ್ ಬಿಟ್ಟುಕೊಟ್ಟರು. "ಸಾವ್ಕಾರ್ರೇ, ಇಲ್ ಕುಂತ್ಕೊಳಿ. ನಿಮ್ ತಂಗೀದು ಇನ್ನೂ ಒಳಗೇ ಅದೆ. ಈ ಬಟನ್ ಒತ್ತಿದ್ರೆ ಓಯ್ತದೆ. ನನ್ ಕೈಲಾಗಲ್ಲ, ನೀವೇ ಒತ್ತಿ." ಎಂದು ಬ್ಲಾಕನ್ನು ಕೆಳಗೆ ಎಳೆದು, ಬರಹವನ್ನು ಆಯ್ದು ಕಪ್ಪು ಮಾಡಿ, ಅಣ್ಣನ ಬೆರಳಿಗೆ ಕೀಲಿ ತೋರಿಸಿದರು.

ಅಣ್ಣನ ಮುಖ ಕೆಂಪೇರಿತು. ನಾನು ಗುಡುಗಿಗೆ ಕಾಯುವವಳಂತೆ ಗೋಡೆಗೆ ಒತ್ತಿಕೊಂಡು ನಿಂತೆ. ಅವರು ಕಪ್ಪಿನ ಮೇಲಿನ ಬಿಳಿ ಅಕ್ಷರಗಳನ್ನು ಓದತೊಡಗಿದರು. ಮೊದಲ ಸಲ ಸಿಟ್ಟಿನಲ್ಲಿ ಅರ್ಧಕ್ಕೇ ಬಿಟ್ಟಿದ್ದರೇನೋ, ಈ ಸಲ ಕೊನೆಯವರೆಗೆ ಓದಿದರು. "ಸೋಮವಾರ ಎಲ್ಲಿಗೆ ಅಂದ್ರೆ ಮಠಕ್ಕೆ ಅಂತಿದ್ರು," ಎಂದರು, ನಮಗಲ್ಲ. "ನನ್ ಹತ್ರಾನೂ ಮಠಕ್ಕೆ ಅಂತಾನೇ ಹೇಳ್ತಿದ್ರು." ಅವರಿಗೆ ಮಠದವರ ಹೆದರಿಕೆಗಿಂತ ಅಪ್ಪ ತನಗೆ ಹೇಳಲಿಲ್ಲವೆಂಬ ನೋವೇ ದೊಡ್ಡದಿರಬೇಕೆಂದು ನನಗೆ ಆಗ ಹೊಳೆಯಿತು. ಬೆರಳನ್ನು ಕೀಲಿಯ ಮೇಲೆ ಇಟ್ಟರು. ತೆಗೆದರು. ಮತ್ತೆ ಇಟ್ಟರು. ಆಮೇಲೆ ಎದ್ದು ನಿಂತು, "ಮುಚ್ಚಿ. ಕಾಣ್ದಂಗೆ ಮುಚ್ಚಿ" ಎಂದು ಹೊರಟುಹೋದರು.

ಮುಚ್ಚಿದೆವು. ಅಣ್ಣನ ಬರಹದ ಕೊನೆಗೆ ಒಂದು ಸಣ್ಣ ದೀಪದ ಚಿತ್ರ ಇಟ್ಟು ನಾನು ಜಾಗ ಸರಿದೂಗಿಸಿದೆ. ಪುಸ್ತಕ ಅಚ್ಚಾಯಿತು, ತಂಗಿಯ ಪುಟವಿಲ್ಲದೆ.

ಹಂಚುವ ದಿನಕ್ಕೆ ಇನ್ನೂ ಸ್ವಲ್ಪ ದಿನವಿತ್ತು. ಒಂದು ಬೆಳಗ್ಗೆ ನಾನು ಬೇಗ ಬಂದಾಗ ಅಕ್ಕಾವ್ರು ಲೇಸರ್ ಪ್ರಿಂಟರಿಗೆ ಒಂದು ಹಾಳೆ ತೂರಿಸುತ್ತಿದ್ದರು. ಆಫ್‌ಸೆಟ್ ಪ್ರೆಸ್ಸಿನಿಂದ ಪುಸ್ತಕದ್ದೇ ಕಾಗದ ಕೇಳಿ ತಂದಿದ್ದರು. ತಂಗಿಯ ಪುಟ ಅದರ ಮೇಲೆ ಬಂತು. ಬೈಂಡ್ ಮಾಡುವವರ ಹತ್ತಿರ ಕೂತು ಒಂದೇ ಒಂದು ಪ್ರತಿಯಲ್ಲಿ, ಅಣ್ಣನ ಬರಹದ ಪಕ್ಕಕ್ಕೆ, ಅದನ್ನು ಅಂಟು ಹಾಕಿಸಿ ಸೇರಿಸಿದರು. ಇದೇನು ಮಾಡುತ್ತಿದ್ದೀರಿ ಎಂದೆ. "ಕೊಟ್ಟ ಮಾತು" ಎಂದರು. ಆಮೇಲೆ, "ಸುಮ್ನೆ, ಬಣ್ಣ ಎಂಗೆ ಬತ್ತದೆ ನೋಡಕ್ಕೆ" ಎಂದರು. ಸಂಜೆ ಮತ್ತೆ ಕೇಳಿದಾಗ, "ಯಾವ ಹಾಳೆ?" ಎಂದರು. ತಂಗಿ ಬಂದರು, ಕಾಗದದಲ್ಲಿ ಸುತ್ತಿದ ಪೊಟ್ಟಣ ತೆಗೆದುಕೊಂಡರು. ಅಕ್ಕಾವ್ರೂ ಅವರೂ ಮೆಟ್ಟಿಲ ಮೇಲೆ ನಿಂತು ಸ್ವಲ್ಪ ಹೊತ್ತು ಮಾತಾಡಿದರು. ನನಗೆ ಕೇಳಿಸಲಿಲ್ಲ.

ಆಮೇಲಿನ ದಿನಗಳಲ್ಲಿ ಬಾಗಿಲ ಸದ್ದಾದರೆ ಕೆಲಸ ಬಿಟ್ಟು ತಲೆಯೆತ್ತಿ ನೋಡುತ್ತಿದ್ದೆ. ತಂಗಿ ಯಾರದೋ ಮನೆಯಲ್ಲಿ ಇನ್ನೊಂದು ಪ್ರತಿ ನೋಡಿ ಅಳುತ್ತಾ ಬರುತ್ತಾರೆ, ಇಲ್ಲ, ಅಣ್ಣ ತಂಗಿಯ ಪ್ರತಿ ನೋಡಿ ಕೂಗುತ್ತಾ ಬರುತ್ತಾರೆ. ಯಾರೂ ಬರಲಿಲ್ಲ. ಅಣ್ಣನ ಅಂಗಡಿಯ ಕ್ಯಾಲೆಂಡರ್ ಕೆಲಸ ಎಂದಿನಂತೆ ಬಂತು. ಅಕ್ಕಾವ್ರು ಎಂದಿನಂತೆ ಜಗಳವಾಡಿದರು. ಹೊಸ ಸಾಫ್ಟ್‌ವೇರ್ ಬಂದು, ಕೆಂಪು ಗುರುತಿನ ಆಕಾರ ಬದಲಾದಾಗ, "ಇದ್ಯಾವ್ದೋ ಬೇರೆ ದೇಶ ಕಣಮ್ಮ" ಎಂದು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅಷ್ಟರಲ್ಲಿ ಮಗಳಿಗೆ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತ್ತು. ಮಾರನೆಯ ದಿನದಿಂದ ಬರಲಿಲ್ಲ. ಬೀಳ್ಕೊಡುಗೆಗೆಂದು ನಾವು ತಂದ ಶಾಲನ್ನು ಯಜಮಾನರೇ ಇಲವಾಲಕ್ಕೆ ಹೋಗಿ ಕೊಟ್ಟುಬಂದರು.

ತಿಥಿಯ ದಿನ ಇಲವಾಲದ ಅಕ್ಕಾವ್ರ ಮನೆಯ ಮುಂದಿನ ಶಾಮಿಯಾನದಲ್ಲಿ ಅಣ್ಣನನ್ನು ಕಂಡು ಬೆರಗಾದೆ. ತಲೆ ಪೂರ್ತಿ ನರೆತಿತ್ತು. ಇನ್ನೂ ಬೆರಗಾದದ್ದು, ಒಳಗೆ ಸೆರಗು ಸಿಕ್ಕಿಸಿ ಬಡಿಸುತ್ತಿದ್ದ ಹೆಂಗಸು ಅವರ ತಂಗಿ ಎಂದು ತಿಳಿದಾಗ. ಊಟವಾದ ಮೇಲೆ ಅಣ್ಣನ ಪಕ್ಕದ ಕುರ್ಚಿಯಲ್ಲಿ ಕೂತು, ಇಷ್ಟು ವರ್ಷ ನುಂಗಿಕೊಂಡಿದ್ದನ್ನು ಕೇಳಿಯೇಬಿಟ್ಟೆ. ಆ ಪುಸ್ತಕ ಏನಾಯಿತು?

ಅಣ್ಣ ಒಮ್ಮೆ ಒಳಗೆ ನೋಡಿ, ದನಿ ತಗ್ಗಿಸಿದರು. "ಪುಸ್ತಕ ಹಂಚಿದ ದಿನ ಇವಳು ಬಂದಿರ್ಲಿಲ್ಲ, ಆಮೇಲೆ ಒಂದಿನ ಮನೆ ಬಾಗ್ಲಿಗೆ ಬಂದ್ಬುಟ್ಲು ಕಣ್ರೀ. ಕೈಲಿ ಪುಸ್ತಕ. 'ಅಣ್ಣಾ, ನಿನ್ ಬರಹದ ಪಕ್ಕದಲ್ಲೇ ನಂದೂ ಹಾಕ್ಸಿದೀಯಲ್ಲ' ಅಂತ ಕಾಲಿಗೆ ಬಿದ್ಲು. ನೋಡ್ತೀನಿ, ಇದೆ! ನಾನೇನ್ ಹೇಳ್ಲಿ? ನಾನಲ್ಲ ಅನ್ನಕ್ಕೆ ನಾಲ್ಗೆ ಬರ್ಲಿಲ್ಲ. ಬಾ ಒಳಗೆ ಅಂದೆ."

"ಆಮೇಲೆ?"

"ಆಮೇಲೆ ನನ್ನ ಫಜೀತಿ. ಇವಳು ನೆಂಟ್ರ ಮನೆಗೆಲ್ಲ ಓಡಾಡಕ್ ಶುರು ಮಾಡಿದ್ಲು. ಎಲ್ಲರ ಮನೇಲೂ ಪುಸ್ತಕ, ಯಾವುದ್ರಲ್ಲೂ ಇವಳ ಪುಟ ಇಲ್ಲ. ಇವಳು ಹೋಗೋಕ್ ಮುಂಚೆ ನಾನು ಹೋಗೋದು, 'ಅದ್ರಲ್ಲಿ ತಪ್ಪಾಗಿದೆ, ಸರಿ ಮಾಡಿಸಿ ಕೊಡ್ತೀನಿ' ಅಂತ ಇಸ್ಕೊಂಡು ಬರೋದು. ನಮ್ಮ ಅಟ್ಟದ ತುಂಬ ಅವೇ ಇವೆ. ಅಕ್ಕಾವ್ರನ್ನ ಬೈಯೋಣ ಅಂತ ಎಷ್ಟು ಸಲ ಹೊರಟೆ. ಇಲ್ಲಿಗೆ ಬಂದು ಕೂತ್ರೆ ಬೈಗುಳ ಬರ್ತಿರ್ಲಿಲ್ಲ." ಮೂಗು ಒರೆಸಿಕೊಂಡರು. "ಇವಳಿಗೆ ಗೊತ್ತಾಗ್ಬಾರ್ದು, ಹೇಳ್ಬೇಡಿ ಮತ್ತೆ."

ಹೇಳುವುದಿಲ್ಲ ಎಂದೆ. ಅಕ್ಕಾವ್ರು ಒಂದು ಸುಳ್ಳನ್ನು ಅಂಟಿಸಿ ಕೊಟ್ಟರು, ಅದನ್ನು ಕಾಯಲು ಈ ಮನುಷ್ಯ ಊರೆಲ್ಲ ಅಲೆದಿದ್ದಾರೆ, ಪಾಪ ಆ ತಂಗಿ ಇನ್ನೂ ಅದನ್ನೇ ನಂಬಿಕೊಂಡಿದ್ದಾರೆ. ಇದನ್ನು ಒಳ್ಳೆಯದು ಎನ್ನಬೇಕೋ ಬೇಡವೋ ತೋಚಲಿಲ್ಲ.

ಹೊರಡುವ ಹೊತ್ತಿಗೆ ತಂಗಿಗೆ ಆಟೋ ಬಂತು. ಅಣ್ಣ ಹತ್ತಿಸಲು ಹೋದರು, ನಾನೂ ಜೊತೆಗೆ ಹೋದೆ. ತಂಗಿ ಒಳಗೆ ಕೂತು, ಸೆರಗು ಸರಿಮಾಡಿಕೊಂಡು, "ಅಣ್ಣಾ, ನಂಜನಗೂಡಿನ ದೊಡ್ಡಮ್ಮನ ಶೋಕೇಸಲ್ಲಿ ಇನ್ನೊಂದಿದೆ. ಅದನ್ನೂ ಇಸ್ಕೊಂಡ್ಬುಡು" ಎಂದರು.

ಅಣ್ಣ ಆಟೋದ ಕಂಬಿ ಹಿಡಿದುಕೊಂಡರು. "ಯಾವಾಗಿಂದ ಗೊತ್ತು ನಿಂಗೆ?"

"ಕೈಗೆ ಬಂದ ದಿನಾನೇ. ಅಕ್ಕಾವ್ರು ಮೆಟ್ಲ ಮೇಲೆ ನಿಂತು ಹೇಳೇ ಕೊಟ್ಟಿದ್ದು. ಇದೊಂದೇ ಕಣವ್ವ ಇರೋದು, ಬೇರೆ ಯಾವುದ್ರಲ್ಲೂ ಇಲ್ಲ ಅಂತ."

"ಮತ್ತೆ ನನ್ ಮನೆಗ್ ಬಂದು ಕಾಲಿಗ್ ಬಿದ್ಯಲ್ಲೇ?"

"ನಾನಲ್ಲ ಹಾಕ್ಸಿದ್ದು ಅಂತೀಯೋ, ಬಾ ಒಳಗೆ ಅಂತೀಯೋ ನೋಡೋಣ ಅಂತ ಬಂದೆ ಅಣ್ಣ," ಎಂದರು ತಂಗಿ.